ನೈರೋಬಿಯಿಂದ – 17: ಕಣ್ಣಿನ ಡಾಕ್ಟರಿಗೂ ಹೇಳಲ್ವಾ?

ಈ ಸಲ ಸ್ವಲ್ಪ ಖಾರವಾಗೇ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ನಮ್ಮೂರಲ್ಲಿ ಕ್ಯಾನ್ಸರ್‌ಗೆ ಹೆಸರೇ ಇಲ್ಲ. "ಆ ಕಾಯಿಲೆ" ಅಂತೀವಿ, "ಕಿದ್ವಾಯಿಗೆ ಹೋಗಿ ಬಂದ್ರಂತೆ" ಅಂತ ಪಿಸುಗುಡ್ತೀವಿ. ಮಗಳ ಮದುವೆ ಇದೆ, ಜನ ಏನಂತಾರೋ ಅನ್ನೋ ಭಯ. ಸರಿ, ನೆಂಟರಿಗೆ ಹೇಳಬೇಡಿ. ಡಾಕ್ಟರಿಗೂ ಮುಚ್ಚಿಡೋದು ಯಾವ ನ್ಯಾಯ?

"ಕಣ್ಣು ತೋರಿಸೋಕೆ ಬಂದಿದ್ದು, ಆ ಹಳೇ ವಿಷಯ ಯಾಕೆ?" ಅಂತೀರಿ. ಯಾಕೆ ಅಂದ್ರೆ, ಒಂದೊಂದು ಕಣ್ಣನ್ನೂ ತಿರುಗಿಸೋಕೆ ಆರು ಸಣ್ಣ ಸ್ನಾಯುಗಳಿವೆ. ಅಪರೂಪಕ್ಕೆ, ಬೇರೆ ಕಡೆಯ ಕ್ಯಾನ್ಸರ್ ರಕ್ತದಲ್ಲಿ ಬಂದು ಅಲ್ಲಿ ಕೂರುತ್ತೆ. ಸ್ತನ ಕ್ಯಾನ್ಸರ್, ಮೆಲನೋಮ, ಕರುಳಿನ ಕಾರ್ಸಿನಾಯ್ಡ್ ಹೀಗೆ ಹರಡೋದುಂಟು. ಚಿಕಿತ್ಸೆ ಮುಗಿದು ಎಷ್ಟೋ ವರ್ಷ ಆದ ಮೇಲೂ ಬರಬಹುದು. ಒಂದು ವಸ್ತು ಎರಡಾಗಿ ಕಾಣುತ್ತೆ, ಕಣ್ಣು ಉಬ್ಬುತ್ತೆ, ನೋಯುತ್ತೆ, ಒಂದು ಕಡೆಗೆ ತಿರುಗಲ್ಲ. ಕೆಲವು ಸ್ತನ ಕ್ಯಾನ್ಸರ್‌ಗಳಲ್ಲಿ ಕಣ್ಣು ಒಳಕ್ಕೆ ಸೇದಿಕೊಳ್ಳುತ್ತೆ.

ಕಣ್ಣು ಉಬ್ಬಿ ಎರಡೆರಡು ಕಾಣೋದು ಥೈರಾಯ್ಡ್ ತೊಂದರೆಯಲ್ಲೂ ಇದೆ, ಅದೇ ಹೆಚ್ಚು ಸಾಮಾನ್ಯ. ಡಾಕ್ಟರು ಮೊದಲು ಅದನ್ನೇ ಯೋಚಿಸೋದು ಸಹಜ. "ಹತ್ತು ವರ್ಷದ ಹಿಂದೆ ಎದೆಯ ಆಪರೇಷನ್ ಆಗಿತ್ತು" ಅನ್ನೋ ಒಂದೇ ಮಾತು ಸಾಕು, ಬೇಗ ಸ್ಕ್ಯಾನ್ ಆಗುತ್ತೆ, ಬೇಕಾದ್ರೆ ಬಯಾಪ್ಸಿ ಆಗುತ್ತೆ. ಇಷ್ಟು ಹರಡಿದ ಮೇಲೆ ಪೂರ್ತಿ ಗುಣ ಆಗೋದು ಕಷ್ಟ, ನಿಜ. ಆದ್ರೆ ರೇಡಿಯೇಷನ್, ಕೀಮೋ, ಹಾರ್ಮೋನ್ ಮಾತ್ರೆಯಿಂದ ನೋವು ತಗ್ಗಿಸಬಹುದು, ಎಷ್ಟೋ ಸಲ ದೃಷ್ಟಿ ಉಳಿಸಬಹುದು. "ಅಪರೂಪ ತಾನೇ" ಅಂತ ಸುಮ್ಮನಿರಬೇಡಿ. ಅಪರೂಪ ಆಗಿರೋದಕ್ಕೇ ನೀವು ಬಾಯಿ ಬಿಡಬೇಕು.

ಇಲ್ಲಿ ನೈರೋಬಿಯಲ್ಲೂ ಇದನ್ನ ಶಾಪ ಅನ್ನೋರಿದ್ದಾರೆ. ಆದ್ರೆ ಕಿಬ್ರಾದ ಎಂಪಿ ಕೆನ್ ಒಕೋತ್ 2019ರಲ್ಲಿ ತಮಗೆ ಕರುಳಿನ ಕ್ಯಾನ್ಸರ್ ಇದೆ ಅಂತ ದೇಶದ ಮುಂದೆ ಹೇಳಿದರು. ಅದೇ ವರ್ಷ ಜುಲೈನಲ್ಲಿ ತೀರಿಕೊಂಡರು. ಓಟು ಕೇಳೋ ಮನುಷ್ಯ ಊರಿಗೆಲ್ಲ ಹೇಳಬಹುದಾದ್ರೆ, ನಾವು ಬಾಗಿಲು ಮುಚ್ಚಿದ ರೂಮಲ್ಲಿ ಒಬ್ಬ ಡಾಕ್ಟರಿಗೆ ಹೇಳೋಕಾಗಲ್ವಾ?

ದೊಡ್ಡವರಿಗೆ ಹೊಸದಾಗಿ ಎರಡೆರಡು ಕಂಡರೆ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಯಾವ ಕಣ್ಣು ಮುಚ್ಚಿದರೂ ಒಂದೇ ಕಂಡರೆ ಅದು ಸ್ನಾಯು ಅಥವಾ ನರದ ತೊಂದರೆ ಇರಬಹುದು. ದೃಷ್ಟಿ ತೆಗೆಯೋದು, ಕನ್ನಡಕದ ಅಂಗಡಿ, ಮೆಡಿಕಲ್ ಶಾಪಿನ ಡ್ರಾಪ್ಸ್ ಎಲ್ಲ ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ.

ಹಳೇ ಡಿಸ್ಚಾರ್ಜ್ ಕಾಗದ ಬೀರುವಿನಲ್ಲಿ ಸೀರೆ ಅಡಿ ಇರುತ್ತೆ, ನಂಗೊತ್ತು. ಅದನ್ನೂ ತಗೊಂಡು ಹೋಗಿ.