ಏಕಾಂತದ ನೋಟ, ದಾಂಪತ್ಯದ ನಷ್ಟ

'ಏಕಾಂತದಲ್ಲಿ ನೋಡಿದರೆ ಯಾರಿಗೇನು ನಷ್ಟ?' ಎಂಬುದು ಅಶ್ಲೀಲ ಚಿತ್ರಗಳ ಸಮರ್ಥಕರ ಹಳೆಯ ವಾದ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಸ್ಯಾಮ್ಯುಯೆಲ್ ಪೆರಿ ಮತ್ತು ಸೈರಸ್ ಶ್ಲೈಫರ್ ಅವರು 2006ರಿಂದ 2014ರವರೆಗೆ ಅಲ್ಲಿನ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅದೇ ವ್ಯಕ್ತಿಗಳು ಮತ್ತೆ ಮತ್ತೆ ನೀಡಿದ ಉತ್ತರಗಳನ್ನು ಪರಿಶೀಲಿಸಿದರು. ವಿವಾಹಿತರಲ್ಲಿ ಇಂತಹ ಚಿತ್ರಗಳನ್ನು ಹೊಸದಾಗಿ ನೋಡತೊಡಗಿದವರು ಮುಂದಿನ ಸಮೀಕ್ಷೆಯ ವೇಳೆಗೆ ವಿಚ್ಛೇದಿತರಾಗುವ ಸಂಭವ ಶೇಕಡಾ 6ರಿಂದ 11ಕ್ಕೆ ಏರಿತ್ತು. ಮೊದಲೇ ಬಿರುಕುಬಿಟ್ಟ ದಾಂಪತ್ಯವೇ ಕೆಲವರನ್ನು ಅತ್ತ ದೂಡಿರಬಹುದು; ಆದುದರಿಂದ ಇದೊಂದೇ ಕಾರಣವೆನ್ನಲಾಗದು. ಆದರೆ ಅದು ಪರರಿಗೆ ಸಂಬಂಧಿಸದ ಖಾಸಗಿ ವಿನೋದವೆಂಬ ಮಾತು ಇನ್ನು ನಿಲ್ಲದು.

ಹಾಗೆಂದು ಗದರಿಕೆಯೇ ಮದ್ದೆಂಬ ಹಿರಿಯರ ಎಣಿಕೆಯೂ ಸರಿಯಲ್ಲ. ತಪ್ಪೆಂದು ನಂಬಿಯೂ ನೋಡುವವರು, ನೋಡುವುದು ಅಲ್ಪವಾಗಿದ್ದರೂ, ತಾವು ವ್ಯಸನಿಗಳೆಂದು ಕುಗ್ಗುವುದು ಹೆಚ್ಚೆಂದು ಮನಶ್ಶಾಸ್ತ್ರಜ್ಞ ಜೋಶುವಾ ಗ್ರಬ್ಸ್ ಮೊದಲಾದವರ ಅಧ್ಯಯನಗಳು ತೋರಿಸಿವೆ. ಅಂಥವರನ್ನು ಹಳಿದರೆ ಅವರು ಬಿಡುವುದಿಲ್ಲ, ಬಚ್ಚಿಡುತ್ತಾರೆ. ಬಚ್ಚಿಟ್ಟದ್ದು ದಂಪತಿಗಳ ನಡುವಿನ ನಂಬಿಕೆಯನ್ನು ತಿನ್ನುತ್ತದೆ. ಸ್ವದಾರಸಂತೋಷವನ್ನು ಅಣುವ್ರತವೆಂದು ಬೋಧಿಸುವ ಪಾಠಶಾಲೆಗಳು ಈ ಒಂದು ವಿಷಯದಲ್ಲಿ ಮೌನ ತಾಳುವುದು ಉಚಿತವೇ? ಮಕ್ಕಳ ಕೈಗೆ ಮೊಬೈಲ್ ಕೊಡುವ ತಂದೆತಾಯಿಗಳು ಅದರಲ್ಲಿ ಅಡಗಿರುವುದನ್ನು ಬಾಯಿಬಿಟ್ಟು ತಿಳಿಹೇಳುವ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು.