ಅಡಿಗೆಮನೆಯ ಕಿಟಕಿಯಿಂದ: ಎರಡು ಸೀಸೆ ನೀರು

ಸೋದರಿಯರೇ, ಹೋದ ಸಂಚಿಕೆಯಲ್ಲಿ ಹಲಸಿನಕಾಯಿ ಹಪ್ಪಳದ ವಿಚಾರ ಬರೆದಿದ್ದೆ. ಈ ಸಲ ಅಡಿಗೆಯಲ್ಲ, ಅಡಿಗೆಯ ನೀರಿನ ಕಥೆ.

ನಮ್ಮ ಮಗಳು ಏಳನೇ ಕ್ಲಾಸು. ಒಂದು ದಿನ ಶಾಲೆಯಿಂದ ಚೀಟಿ ತಂದಳು. ವಿಜ್ಞಾನ ಕೇಂದ್ರಕ್ಕೆ ಪ್ರವಾಸ, ಅಲ್ಲಿ ಪರಿಸರದ ಪಾಠ, ಹಳೇ ಬಟ್ಟೆ ಹಾಕಿ ಕಳಿಸಿ, ಇಬ್ಬರು ತಾಯಂದಿರೂ ಬಂದರೆ ಒಳ್ಳೆಯದು ಅಂತ. "ಆ ಪಾಠ ಪುಸ್ತಕದಲ್ಲಿಲ್ವೇನೇ? ಕೆಸರು ಮೆತ್ತಿಕೊಂಡು ಬಂದ್ರೆ ಒಗೆಯೋರು ಯಾರು?" ಎಂದು ಗೊಣಗಿದೆ. ಶಾಲೆಗಳಲ್ಲಿ ಪರಿಸರದ ವಿಷಯ ಕಡ್ಡಾಯವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟೇ 1991ರಲ್ಲಿ ಹೇಳಿದೆ. ಪುಸ್ತಕದಲ್ಲಿ ಇದ್ದೇ ಇದೆ. ಮಕ್ಕಳು ಉರು ಹೊಡೆದು ಅಂಕ ತರುತ್ತಾರೆ. ಕಡೆಗೆ ನಾನೂ ಬಸ್ಸು ಹತ್ತಿದೆ.

ಅಲ್ಲಿ ಭಾಷಣವೇ ಇಲ್ಲ! ಆರಾರು ಮಕ್ಕಳಿಗೆ ಒಂದು ಬಲೆ, ಒಂದು ಬಿಳಿ ತಟ್ಟೆ, ಒಂದು ಭೂತಗನ್ನಡಿ ಕೊಟ್ಟು ಕೆರೆಗಿಳಿಸಿದರು. ಏರೋಪ್ಲೇನ್ ಚಿಟ್ಟೆಯ ಮರಿ ನೀರಿನಲ್ಲೇ ಬೆಳೆದು ಸೊಳ್ಳೆಮರಿ ತಿನ್ನುತ್ತದಂತೆ, ನನಗೂ ಗೊತ್ತಿರಲಿಲ್ಲ. ಆಮೇಲೆ ಮೋರಿ ಸೇರುವ ಕಡೆಯ ಕೆಸರು ತೋಡಿಸಿದರು. ಅಲ್ಲಿ ಬರೀ ದಾರದೆಳೆಯಂಥ ಕೆಂಪು ಹುಳು. ಅದರ ಮೈಯಲ್ಲೂ ನಮ್ಮ ರಕ್ತದ ಹಾಗೆ ಹಿಮೋಗ್ಲೋಬಿನ್ ಇರುವುದರಿಂದ, ಆಮ್ಲಜನಕ ಕಮ್ಮಿ ಇರುವ ಕೊಳಕು ನೀರಲ್ಲೂ ಬದುಕುತ್ತದೆ. ನೀರಿನ ಯೋಗ್ಯತೆ ಹುಳ ನೋಡಿಯೇ ಹೇಳಬಹುದು ಎನ್ನಿ.

ಪಾಠ ಹೇಳುವ ಹುಡುಗಿ, "ಅರಿಸಿನದ ಕಲೆಗೆ ಸೋಪು ಹಚ್ಚಿದ್ರೆ ಏನಾಗುತ್ತೆ?" ಎಂದಳು. ಮಕ್ಕಳು ಸುಮ್ಮನೆ. ನಾನು ಹಿಂದಿನಿಂದ "ಕೆಂಪಾಗುತ್ತೆ!" ಎಂದೆ. ಅರಿಸಿನದ ಕಾಗದವೇ ಕ್ಷಾರದ ಪರೀಕ್ಷೆಯಂತೆ! ನನ್ನ ಮಗಳು ಅವತ್ತು ನನ್ನನ್ನು ನೋಡಿದ ರೀತಿಯೇ ಬೇರೆ.

ಹೊರಡುವಾಗ ಮಕ್ಕಳಿಗೆ ತಲಾ ಎರಡು ಸಣ್ಣ ಸೀಸೆ ಕೊಟ್ಟರು, ಒಳಗೆ ಔಷಧಿಯಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿ. ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯದ ಮಾಂಜಾ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಪರೀಕ್ಷೆ ಇದು. ಒಂದಕ್ಕೆ ಮನೆಯ ಹಸಿ ನೀರು, ಇನ್ನೊಂದಕ್ಕೆ ಕುದಿಸಿ ಆರಿಸಿದ ನೀರು ತುಂಬಿ, ಬೆಚ್ಚಗಿನ ಜಾಗದಲ್ಲಿ ಒಂದು ದಿನ ಇಡಬೇಕು. ಮಲದ ಕ್ರಿಮಿಗಳಿದ್ದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟಿ, ಕಾಗದದ ಕಬ್ಬಿಣದ ಅಂಶದೊಡನೆ ಸೇರಿ ಕಪ್ಪಾಗುತ್ತದೆ.

ನಮ್ಮ ಬಾವಿ ನೀರೆಂದರೆ ಎಳನೀರು ಎಂದು ಹೊಗಳಿಸಿಕೊಂಡದ್ದು. ಮಾರನೇ ದಿನ ನೋಡಿದರೆ ಹಸಿ ನೀರಿನ ಸೀಸೆ ಮಸಿಯಂತೆ ಕಪ್ಪು! ಕುದಿಸಿದ್ದು ಹಾಗೇ ತಿಳಿಯಾಗಿದೆ.

ಅತ್ತೆಯವರು, "ಸೀಸೆ ಸರಿಯಾಗಿ ತೊಳೆದಿಲ್ಲ" ಎಂದರು. ಮಗಳು, "ಅಜ್ಜಿ, ಎರಡೂ ಒಂದೇ ಥರದ ಸೀಸೆ, ಒಂದೇ ಬಾವಿ. ಬೇರೆ ಇರೋದು ಕುದಿಸಿದ್ದು ಒಂದೇ" ಎಂದಳು. ಅತ್ತೆ ಮಾತಾಡಲಿಲ್ಲ. ನನಗೆ ಹೊಟ್ಟೆಯಲ್ಲಿ ತಣ್ಣಗಾಯಿತು. ನಾದಿನಿಯ ನಾಲ್ಕು ವರ್ಷದ ಮಗುವಿಗೆ ಇಲ್ಲಿ ಬಂದಾಗಲೆಲ್ಲ ಭೇದಿ, ದೃಷ್ಟಿಯಾಯಿತು ಎಂದು ಮೆಣಸಿನಕಾಯಿ ನಿವಾಳಿಸುತ್ತಿದ್ದೆವು. ಕಾಫಿಗೆ ನೀರು ಕುದಿಯುತ್ತದೆ, ಸಾರಿಗೆ ಕುದಿಯುತ್ತದೆ. ಮಜ್ಜಿಗೆಗೆ? ಪಾನಕಕ್ಕೆ? ಆ ಮಗುವಿಗೆ ದಿನಕ್ಕೆರಡು ಲೋಟ ಮಜ್ಜಿಗೆ ಕುಡಿಸಿದವಳು ನಾನೇ.

ಸಂಜೆ ನಮ್ಮವರು ಟೇಪು ಹಿಡಿದು ಅಳೆದರು. ಎರಡು ವರ್ಷದ ಹಿಂದೆ ತೋಡಿಸಿದ ಪಾಯಿಖಾನೆ ಗುಂಡಿಗೂ ಬಾವಿಗೂ 18 ಅಡಿ. ನಮ್ಮದು ಜಂಬಿಟ್ಟಿಗೆ ನೆಲ, ನೀರು ಸಲೀಸಾಗಿ ಜಿನುಗುತ್ತದೆ. ಮಳೆಗಾಲ ಮುಗಿದ ಮೇಲೆ ಗುಂಡಿಯನ್ನು ಹಿತ್ತಲಿನ ತುದಿಗೆ ಸಾಗಿಸುವುದೆಂದು ಮೇಸ್ತ್ರಿಗೆ ಹೇಳಿಯಾಗಿದೆ. ಅಲ್ಲಿಯವರೆಗೆ ಕುಡಿಯುವ ನೀರನ್ನು ಕೊತಕೊತ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಆರಿಸುತ್ತೇನೆ, ಮಜ್ಜಿಗೆಗೂ ಅದೇ. ನಿಮ್ಮ ಬಾವಿಯ ಬಗ್ಗೆ ಅನುಮಾನವಿದ್ದರೆ ಪಂಚಾಯ್ತಿಯಲ್ಲಿ ವಿಚಾರಿಸಿ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್‌ನಲ್ಲಿ ಹಳ್ಳಿಗೆ 5 ಮಂದಿ ಹೆಂಗಸರಿಗೆ ನೀರಿನ ಪರೀಕ್ಷೆ ಕಲಿಸಬೇಕೆಂದಿದೆ. ಕಪ್ಪಾದ ಸೀಸೆಯನ್ನು ಮಾತ್ರ ಸಿಂಕಿಗೆ ಸುರಿಯಬೇಡಿ. ಬ್ಲೀಚಿಂಗ್ ಪುಡಿ ಹಾಕಿಟ್ಟು, ಆಮೇಲೆ ಪಾಯಿಖಾನೆಗೆ ಚೆಲ್ಲಿ ಕೈ ತೊಳೆಯಿರಿ.

ಮೊನ್ನೆ ಅತ್ತೆಯವರು ಮೊಮ್ಮಗಳನ್ನು ಹತ್ತಿರ ಕರೆದು, "ಇನ್ನೊಂದು ಸೀಸೆ ಸಿಕ್ಕೀತೇನೇ? ದೇವಸ್ಥಾನದ ಬಾವಿದೂ ನೋಡೋಣ" ಎಂದು ಮೆಲ್ಲಗೆ ಕೇಳುತ್ತಿದ್ದರು.