ಎರಡನೆಯ ಪಂಕ್ತಿಯ ಆಟಗಾರರು

ಗಾಲ್ಫ್ ಎಂದೊಡನೆ ಸಿರಿವಂತರ ವಿನೋದವೆಂದು ಭಾವಿಸುವುದು ನಮ್ಮಲ್ಲಿ ವಾಡಿಕೆ. ಅಮೆರಿಕೆಯಲ್ಲಿ ಅದನ್ನೇ ಜೀವನೋಪಾಯವಾಗಿ ನಂಬಿಯೂ ಮೇಲಿನ ಪಂಕ್ತಿಗೆ ಏರದವರಿಗೋಸ್ಕರ 1990ರಲ್ಲಿ ಪಂದ್ಯಮಾಲೆಯೊಂದನ್ನು ಏರ್ಪಡಿಸಿದರು. 2019ರಿಂದ ಅದಕ್ಕೆ ಕಾರ್ನ್ ಫೆರಿ ಟೂರ್ ಎಂದು ಹೆಸರು. ಸಾಮಾನ್ಯವಾಗಿ ಪಂದ್ಯವೊಂದಕ್ಕೆ ನಾಲ್ಕು ದಿನ. ಎರಡು ದಿನಗಳಲ್ಲಿ 36 ಕುಳಿಗಳ ಆಟ ಮುಗಿದೊಡನೆ, ಮೊದಲ 65 ಸ್ಥಾನದವರನ್ನೂ ಅವರಿಗೆ ಸಮನಾದವರನ್ನೂ ಉಳಿಸಿಕೊಂಡು ಮಿಕ್ಕವರನ್ನು ಬೀಳ್ಕೊಡುವರು. ಹಾಗೆ ಹೊರಟವನಿಗೆ ಬಹುಮಾನದಲ್ಲಿ ಬಿಡಿಕಾಸೂ ಇಲ್ಲ. ಪ್ರಯಾಣ, ವಸತಿ, ಚೀಲ ಹೊರುವ ಕ್ಯಾಡಿಯ ಕೂಲಿ—ಪೋಷಕನೊಬ್ಬನು ದೊರೆಯದಿದ್ದರೆ ಎಲ್ಲವೂ ಅವನ ತಲೆಯ ಮೇಲೆಯೇ. ಒಂದೇ ಹೊಡೆತ ಹೆಚ್ಚಾದರೂ ಈ ದಂಡ ತಪ್ಪದು! ಮನೆವಾರ್ತೆಯ ಲೆಕ್ಕ ಬರೆಯುವವರಿಗೆ ಈ ಸಂಕಟವನ್ನು ನಾವು ವಿವರಿಸಬೇಕಾಗಿಲ್ಲ. 2025ರ ವರ್ಷಾಂತ್ಯದಲ್ಲಿ ಮೊದಲ 20 ಮಂದಿಗೆ ಮಾತ್ರವೇ ಮೇಲಿನ ಪಂಕ್ತಿಗೆ ಪ್ರವೇಶ ದೊರೆಯಿತು. ಇಪ್ಪತ್ತೊಂದನೆಯವನಿಗೆ ಡಿಸೆಂಬರಿನ ಅರ್ಹತಾಪಂದ್ಯವೊಂದು ಉಳಿದಿತ್ತು. ಅಲ್ಲಿದ್ದುದು ಐದೇ ಸ್ಥಾನ.